ಉಂಗುರದೊಳಗಿನ ಸ್ಪಂದ: ಮೋಡ್ ಲಾಕ್ ಆದ ಫೈಬರ್ ಲೇಸರಿನಲ್ಲಿ ಬೆಳಕಿನ ನಡವಳಿಕೆ

ಲೇಸರಿನಿಂದ ಹೊಮ್ಮುವ ಬೆಳಕು ಸಾಮಾನ್ಯವಾಗಿ ಎಡೆಬಿಡದೆ ಹರಿಯುವ ಧಾರೆಯಾಗಿರುತ್ತದೆ; ಕೆಲವು ಬಗೆಯ ಲೇಸರುಗಳಲ್ಲಿ ಮಾತ್ರ ಅದೇ ಬೆಳಕು ಅತ್ಯಂತ ಕಿರಿದಾದ ಸ್ಪಂದಗಳಾಗಿ, ಅಂದರೆ ಪಲ್ಸ್‌ಗಳಾಗಿ, ಒಂದರ ಹಿಂದೊಂದು ಸಮಾನ ಅಂತರದಲ್ಲಿ ಹೊರಬರುತ್ತದೆ. ಈ ಸ್ಪಂದಗಳ ಅವಧಿಯನ್ನು ಫೆಮ್ಟೊಸೆಕೆಂಡಿನಲ್ಲಿ ಹೇಳುವುದು ರೂಢಿ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಸಿಗುವುದು ಒಂದು ಫೆಮ್ಟೊಸೆಕೆಂಡ್. ಇಷ್ಟು ಕಿರಿದಾದ ಸ್ಪಂದವನ್ನು ಯಾವುದೋ ಒಂದು ಬಿಡಿಭಾಗ ಕತ್ತರಿಸಿ ಕೊಡುತ್ತದೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ವರ್ಧನೆ, ನಷ್ಟ, ಬಣ್ಣಗಳ ಚದುರುವಿಕೆ ಮತ್ತು ಗಾಜಿನ ಅರೇಖೀಯ ಗುಣ, ಈ ನಾಲ್ಕರ ನಡುವೆ ಪ್ರತಿ ಸುತ್ತಿನಲ್ಲೂ ಹೊಸದಾಗಿ ಆಗಬೇಕಾದ ಒಂದು ಇತ್ಯರ್ಥ. ಆ ಇತ್ಯರ್ಥ ಎಷ್ಟು ಸುಲಭವಾಗಿ ಕದಡುತ್ತದೆ, ಸರಾಸರಿಯನ್ನಷ್ಟೇ ತೋರಿಸುವ ಉಪಕರಣಗಳು ಆ ಕದಡಿಕೆಯನ್ನು ಎಷ್ಟು ಕಾಲ ಮರೆಮಾಚಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ.

ಗಾಜಿನ ಎಳೆಯನ್ನೇ ಲೇಸರಿನ ಮಾಧ್ಯಮವಾಗಿ ಬಳಸುವ ಆಲೋಚನೆ ಲೇಸರಿನಷ್ಟೇ ಹಳೆಯದು. ಥಿಯೋಡರ್ ಮೇಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ತೋರಿಸಿದ ಬೆನ್ನಲ್ಲೇ ಅಮೆರಿಕದ ಎಲಿಯಾಸ್ ಸ್ನಿಟ್ಜರ್ ನಿಯೋಡಿಮಿಯಂ ಬೆರೆಸಿದ ಗಾಜಿನ ಎಳೆಗಳತ್ತ ತಿರುಗಿದರು. 1964ರ ಹೊತ್ತಿಗೆ ಅವರೂ ಚಾರ್ಲ್ಸ್ ಕೋಸ್ಟರ್ ಅವರೂ ಅಂಥ ಎಳೆಯಲ್ಲಿ ಬೆಳಕಿನ ವರ್ಧನೆಯನ್ನು ವರದಿ ಮಾಡಿದ್ದರು. ಆದರೆ ಈ ವಿದ್ಯೆಗೆ ನಿಜವಾದ ಬಲ ಬಂದದ್ದು 1987ರಲ್ಲಿ, ಸೌತಾಂಪ್ಟನ್ನಿನ ಡೇವಿಡ್ ಪೇನ್ ತಂಡ ಮತ್ತು ಬೆಲ್ ಲ್ಯಾಬ್ಸ್‌ನ ಇಮ್ಯಾನುಯೆಲ್ ಡೆಸುರ್ವಿರ್ ಮುಂತಾದವರು ಎರ್ಬಿಯಂ ಧಾತು ಬೆರೆಸಿದ ಎಳೆಯ ವರ್ಧಕವನ್ನು ಸಾಧಿಸಿದಾಗ. ದೂರವಾಣಿ ಜಾಲಕ್ಕಾಗಿ ಬೆಳೆದ ಈ ತಂತ್ರದಿಂದ 1550 ನ್ಯಾನೊಮೀಟರ್ ತರಂಗದೂರದ ಬಿಡಿಭಾಗಗಳೆಲ್ಲ ಅಂಗಡಿಯಲ್ಲಿ ಸಿಗುವಂತಾದವು. ಒಂದಷ್ಟು ಎರ್ಬಿಯಂ ಎಳೆ, ಅದಕ್ಕೆ ಶಕ್ತಿ ತುಂಬುವ 980 ನ್ಯಾನೊಮೀಟರಿನ ಲೇಸರ್ ಡಯೋಡ್, ಬೆಳಕು ಒಂದೇ ದಿಕ್ಕಿಗೆ ಸಾಗುವಂತೆ ಕಾಯುವ ಐಸೊಲೇಟರ್, ಬೆಳಕಿನ ಒಂದು ಪಾಲನ್ನು ಹೊರಗೆ ತೆಗೆಯುವ ಕಪ್ಲರ್, ಇವುಗಳನ್ನು ಬೆಸೆದು ಉಂಗುರ ಮಾಡಿದರೆ ಲೇಸರ್ ಸಿದ್ಧವಾಗುತ್ತದೆ.

ಉಂಗುರದ ಉದ್ದ 10 ಮೀಟರ್ ಎಂದಿಟ್ಟುಕೊಂಡರೆ, ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಸಾಗುವುದರಿಂದ, ಒಂದು ಸುತ್ತಿಗೆ ಹಿಡಿಯುವ ಸಮಯ ಸುಮಾರು 50 ನ್ಯಾನೊಸೆಕೆಂಡ್. ಅಂದರೆ ಸೆಕೆಂಡಿಗೆ ಎರಡು ಕೋಟಿ ಸುತ್ತು. ಒಂದು ಸುತ್ತು ಮುಗಿಸಿ ಬಂದಾಗ ತನ್ನೊಂದಿಗೆ ತಾನೇ ಹೊಂದಿಕೊಳ್ಳುವ ಆವೃತ್ತಿಗಳಷ್ಟೇ ಈ ಉಂಗುರದಲ್ಲಿ ನಿಲ್ಲಬಲ್ಲವು, ಮತ್ತು ಅವು 20 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿರುತ್ತವೆ. ಇಂಥ ಪ್ರತಿಯೊಂದು ಆವೃತ್ತಿಯನ್ನೂ ಮೋಡ್ ಎನ್ನುತ್ತಾರೆ. ಸಾಮಾನ್ಯ ಸ್ಥಿತಿಯಲ್ಲಿ ಈ ಮೋಡ್‌ಗಳಿಗೆ ಪರಸ್ಪರ ಸಂಬಂಧವಿಲ್ಲ. ಒಂದರ ಏರು ಇನ್ನೊಂದರ ಇಳಿವಿಗೆ ಸೇರಿ ಹೊರಬರುವ ಬೆಳಕು ಗೊಂದಲಮಯವಾಗಿರುತ್ತದೆ. ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರಗಳು ತಿಶ್ರ, ಚತುರಶ್ರ, ಖಂಡ ಎಂದು ಬೇರೆ ಬೇರೆ ನಡೆ ಹಿಡಿದರೂ ಸಮಕ್ಕೆ ಬಂದಾಗ ಎಲ್ಲ ಪೆಟ್ಟುಗಳೂ ಒಮ್ಮೆಗೇ ಬೀಳುವಂತೆ, ಮೋಡ್‌ಗಳ ಪ್ರಾವಸ್ಥೆಗಳನ್ನು, ಅಂದರೆ ಅವುಗಳ ಏರಿಳಿತ ಯಾವ ಗಳಿಗೆಯಲ್ಲಿ ಎಲ್ಲಿದೆ ಎಂಬುದನ್ನು, ಒಂದಕ್ಕೊಂದು ಬಿಗಿದರೆ ಪ್ರತಿ 50 ನ್ಯಾನೊಸೆಕೆಂಡಿಗೊಮ್ಮೆ ಎಲ್ಲ ಅಲೆಗಳ ಶಿಖರಗಳೂ ಕೂಡಿ ಒಂದು ಪ್ರಖರ ಸ್ಪಂದ ಮೂಡುತ್ತದೆ, ಉಳಿದ ಹೊತ್ತಿನಲ್ಲಿ ಅವು ಪರಸ್ಪರ ಅಳಿಸಿಹೋಗುತ್ತವೆ. ಇದೇ ಮೋಡ್ ಲಾಕಿಂಗ್. ಹೆಚ್ಚು ಮೋಡ್‌ಗಳು ಕೂಡಿದಷ್ಟೂ ಸ್ಪಂದ ಕಿರಿದಾಗುತ್ತದೆ. 500 ಫೆಮ್ಟೊಸೆಕೆಂಡಿನ ಸ್ಪಂದಕ್ಕೆ ಈ ಉಂಗುರದಲ್ಲಿ ಸುಮಾರು 30 ಸಾವಿರ ಮೋಡ್‌ಗಳು ಬೇಕು.

ಮೋಡ್‌ಗಳನ್ನು ಬಿಗಿಯುವವರು ಯಾರು? 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹಾರ್ಗ್ರೋವ್, ಫೋರ್ಕ್ ಮತ್ತು ಪೊಲಾಕ್ ಅವರು ಹೀಲಿಯಂ-ನಿಯಾನ್ ಲೇಸರಿನೊಳಗೆ ಹೊರಗಿನಿಂದ ನಡೆಸುವ ಒಂದು ಮಾಡ್ಯುಲೇಟರನ್ನಿಟ್ಟು ಈ ಕೆಲಸ ಸಾಧಿಸಿದರು. ಅದು ಬಾಗಿಲನ್ನು ಹೊತ್ತುಹೊತ್ತಿಗೆ ತೆರೆದು ಮುಚ್ಚುವ ಕ್ರಮವಾದ್ದರಿಂದ ವಿದ್ಯುನ್ಮಾನದ ವೇಗವೇ ಅದರ ಮಿತಿ. ಫೈಬರ್ ಲೇಸರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಕ್ರಮ ಬೇರೆಯದು: ಅಲ್ಲಿ ಸ್ಪಂದವೇ ತನ್ನ ಬಾಗಿಲನ್ನು ತೆರೆದುಕೊಳ್ಳುತ್ತದೆ. ಪ್ರಖರವಾದ ಬೆಳಕಿಗೆ ಕಡಿಮೆ ನಷ್ಟ, ಮಂದವಾದ ಬೆಳಕಿಗೆ ಹೆಚ್ಚು ನಷ್ಟ ಎಂಬ ಪಕ್ಷಪಾತ ತೋರುವ ಭಾಗವನ್ನು ಸ್ಯಾಚುರಬಲ್ ಅಬ್ಸಾರ್ಬರ್ ಎನ್ನುತ್ತಾರೆ. ಅದು ಅರೆವಾಹಕದ ಕನ್ನಡಿಯಾಗಿರಬಹುದು, ಇಂಗಾಲದ ನ್ಯಾನೊಕೊಳವೆಯ ಪದರವಾಗಿರಬಹುದು. ಅಥವಾ ಬೇರೆ ವಸ್ತುವೇ ಇಲ್ಲದೆ ಎಳೆಯ ಗುಣದಿಂದಲೇ ಆ ಕೆಲಸ ತೆಗೆಯಬಹುದು. ಗಾಜಿನ ವಕ್ರೀಭವನ ಸೂಚ್ಯಂಕ ಬೆಳಕಿನ ಪ್ರಖರತೆಗೆ ತಕ್ಕಂತೆ ಅತ್ಯಲ್ಪವಾಗಿ ಬದಲಾಗುತ್ತದೆ. ಇದು ಕೆರ್ ಪರಿಣಾಮ. ಅದರಿಂದಾಗಿ ಸ್ಪಂದದ ಶಿಖರದ ಧ್ರುವೀಕರಣ, ಎಂದರೆ ಅಲೆಯ ಕಂಪನದ ದಿಕ್ಕು, ಅಂಚಿನ ಧ್ರುವೀಕರಣಕ್ಕಿಂತ ಬೇರೆಯಾಗಿ ತಿರುಗುತ್ತದೆ. ಮುಂದೊಂದು ಧ್ರುವಕವನ್ನಿಟ್ಟರೆ ಶಿಖರ ದಾಟಿಹೋಗಿ ಅಂಚು ಸವೆಯುತ್ತದೆ, ಸುತ್ತು ಸುತ್ತಿಗೂ ಸ್ಪಂದ ಚೂಪಾಗುತ್ತದೆ.

ಪ್ರಯೋಗಾಲಯದ ಮೇಜಿನ ಮೇಲೆ ಈ ತತ್ವ ಕಾಣಿಸುವುದು ಮೂರು ಪುಟ್ಟ ರೆಕ್ಕೆಗಳ ರೂಪದಲ್ಲಿ. ಪ್ರತಿ ರೆಕ್ಕೆಯೊಳಗೂ ಎಳೆ ಒಂದೆರಡು ಸುತ್ತು ಬಳಸಿಕೊಂಡಿರುತ್ತದೆ. ರೆಕ್ಕೆಯನ್ನು ಓರೆಯಾಗಿಸಿದರೆ ಎಳೆಗೆ ತಿರುಚು ಬಿದ್ದು ಧ್ರುವೀಕರಣ ಬದಲಾಗುತ್ತದೆ. ಡಯೋಡಿನ ವಿದ್ಯುತ್ತನ್ನು ಏರಿಸಿಟ್ಟು ರೆಕ್ಕೆಗಳನ್ನು ಒಂದೊಂದಾಗಿ ಮೆಲ್ಲಗೆ ವಾಲಿಸುತ್ತ ಹೋದಂತೆ ಆಸಿಲೊಸ್ಕೋಪಿನ ಪರದೆಯ ಮೇಲೆ ಮಸುಕಾಗಿ ಕುಣಿಯುತ್ತಿದ್ದ ಗೆರೆ ಒಂದು ಕೋನದಲ್ಲಿ ಒಮ್ಮೆಲೇ ಬಾಚಣಿಗೆಯಂತೆ ನೆಟ್ಟಗೆ ನಿಲ್ಲುತ್ತದೆ. ಮೇಜಿನ ಮೇಲೆ ಬಿದ್ದಿರುವ ಎಳೆಯನ್ನು ಬೆರಳಿನಿಂದ ಸರಿಸಿದರೆ, ಕೆಲವೊಮ್ಮೆ ಕೋಣೆಯ ಉಷ್ಣತೆ ಏರಿದರೂ ಸಾಕು, ಅದು ಮತ್ತೆ ಕದಡಿಹೋಗುತ್ತದೆ. ಹೀಗಾಗಿಯೇ ಈ ವಿಧಾನ ಸಂಶೋಧಕರಿಗೆ ಅಚ್ಚುಮೆಚ್ಚಾದರೂ ಕಾರ್ಖಾನೆಗೆ ಸಾಧನ ಒದಗಿಸುವವರು ಅದರಿಂದ ದೂರ ಸರಿದು, ಧ್ರುವೀಕರಣವನ್ನು ಕಾಯ್ದಿಡುವ ವಿಶೇಷ ಎಳೆಗಳನ್ನು ನೆಚ್ಚಿದರು.

ಉಂಗುರದೊಳಗೆ ಸರಾಸರಿ 2 ಮಿಲಿವಾಟ್ ಬೆಳಕು ಸುತ್ತುತ್ತಿದ್ದರೆ ಪ್ರತಿ ಸ್ಪಂದಕ್ಕೆ ಸಿಗುವ ಶಕ್ತಿ 100 ಪಿಕೊಜೂಲ್. ಲೆಕ್ಕಕ್ಕೆ ಅದು ಏನೇನೂ ಅಲ್ಲ. ಆದರೆ ಸುತ್ತಿನ ಒಂದು ಲಕ್ಷದಲ್ಲಿ ಒಂದು ಪಾಲಿನ ಹೊತ್ತಿಗೆ ಅದೆಲ್ಲ ಕಿಕ್ಕಿರಿಯುವುದರಿಂದ ಶಿಖರದ ಸಾಮರ್ಥ್ಯ 200 ವಾಟ್‌ಗೆ ಹತ್ತಿರವಾಗುತ್ತದೆ. 10 ಮೀಟರ್ ಉದ್ದದ ದಾರಿಯಲ್ಲಿ ಬೆಳಕೆಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಜಾಗದಲ್ಲಿ ಅಡಕವಾಗಿರುತ್ತದೆ. 8-9 ಮೈಕ್ರೊಮೀಟರ್ ವ್ಯಾಸದ ಎಳೆಯ ತಿರುಳಿನಲ್ಲಿ ಇಷ್ಟು ಬೆಳಕು ತುಂಬಿಕೊಂಡಾಗ ಕೆರ್ ಪರಿಣಾಮವನ್ನು ಕಡೆಗಣಿಸುವಂತಿಲ್ಲ. ಸ್ಪಂದದ ಮುಂಭಾಗದ ಆವೃತ್ತಿ ಕೆಂಪಿನತ್ತಲೂ ಹಿಂಭಾಗದ ಆವೃತ್ತಿ ನೀಲಿಯತ್ತಲೂ ಜಾರುತ್ತದೆ. ಇನ್ನೊಂದು ಕಡೆ ಗಾಜಿನಲ್ಲಿ ಎಲ್ಲ ಬಣ್ಣಗಳ ವೇಗವೂ ಒಂದೇ ಅಲ್ಲ. ಈ ವರ್ಣವಿಭಜನೆಯಿಂದ ಸ್ಪಂದ ಸಾಗುತ್ತ ಹಿಗ್ಗಬೇಕು. ಆದರೆ 1300 ನ್ಯಾನೊಮೀಟರಿಗಿಂತ ದೀರ್ಘವಾದ ತರಂಗದೂರಗಳಲ್ಲಿ ಸಾಮಾನ್ಯ ಸಿಲಿಕಾ ಎಳೆಯೊಳಗೆ ನೀಲಿಯ ಕಡೆಯ ಘಟಕವೇ ವೇಗವಾಗಿ ಸಾಗುತ್ತದೆ. ಹಿಂದೆ ಹುಟ್ಟಿದ ನೀಲಿ ಮುಂದಕ್ಕೆ ಬರುತ್ತದೆ, ಮುಂದೆ ಹುಟ್ಟಿದ ಕೆಂಪು ಹಿಂದೆ ಬೀಳುತ್ತದೆ, ಹಿಗ್ಗಬೇಕಾದ ಸ್ಪಂದ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಇದೇ ಸಾಲಿಟಾನ್. ಜಾನ್ ಸ್ಕಾಟ್ ರಸೆಲ್ 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯ ನೀರಿನಲ್ಲಿ ಗುರುತಿಸಿದ ಒಂಟಿ ಅಲೆಯ ಬಳಗಕ್ಕೆ ಸೇರಿದ್ದು ಇದು. ಎಳೆಯಲ್ಲಿ ಅದು ಸಾಧ್ಯವೆಂದು ಹಸೆಗಾವಾ ಮತ್ತು ಟ್ಯಾಪರ್ಟ್ 1973ರಲ್ಲಿ ಲೆಕ್ಕ ಹಾಕಿದರು, ಮೊಲೆನಾವರ್, ಸ್ಟೋಲೆನ್ ಮತ್ತು ಗಾರ್ಡನ್ 1980ರಲ್ಲಿ ಅದನ್ನು ಕಂಡರು.

ಸ್ಪಂದ 100 ಫೆಮ್ಟೊಸೆಕೆಂಡಿನ ಆಸುಪಾಸಿಗೆ ಇಳಿದರೆ ಇನ್ನೊಂದು ಪರಿಣಾಮ ಪ್ರಬಲವಾಗುತ್ತದೆ: ಸ್ಪಂದದ ನೀಲಿ ಭಾಗವು ಗಾಜಿನ ಅಣುಕಂಪನಗಳ ಮೂಲಕ ತನ್ನದೇ ಕೆಂಪು ಭಾಗಕ್ಕೆ ಶಕ್ತಿ ದಾಟಿಸಿ, ಇಡೀ ಸ್ಪಂದ ಕೆಂಪಿನತ್ತ ಸರಿಯತೊಡಗುತ್ತದೆ. ಇದು ರಾಮನ್ ಚದರಿಕೆಯದೇ ಒಂದು ರೂಪ. ಸರ್ ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಸೂರ್ಯನ ಬೆಳಕು ಮತ್ತು ದ್ರವಗಳಿಂದ ಆರಂಭಿಸಿ ಗುರುತಿಸಿದ ಪರಿಣಾಮ, ಅವರು 1933ರಲ್ಲಿ ಬೆಂಗಳೂರಿಗೆ ಬಂದ ಅರ್ಧ ಶತಮಾನದ ಬಳಿಕ ಗಾಜಿನ ಎಳೆಯಲ್ಲಿ ಹೀಗೆ ಕಾಣಿಸಿಕೊಂಡಿತು.

ಲೇಸರಿನೊಳಗಿನ ಸಾಲಿಟಾನ್ ಪುಸ್ತಕದ ಸಾಲಿಟಾನ್‌ನಷ್ಟು ನಿರಾತಂಕವಲ್ಲ. ಒಂದೇ ಸುತ್ತಿನಲ್ಲಿ ಅದು ವರ್ಧಕದಲ್ಲಿ ಉಬ್ಬುತ್ತದೆ, ಕಪ್ಲರಿನಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ, ಧ್ರುವಕದಲ್ಲಿ ಸವೆಯುತ್ತದೆ. ಪ್ರತಿ ಪೆಟ್ಟಿಗೂ ಅದು ಸ್ವಲ್ಪ ಬೆಳಕನ್ನು ಚೆಲ್ಲುತ್ತದೆ. ಸುತ್ತು ಸುತ್ತಿಗೂ ಚೆಲ್ಲಿದ ಆ ಬೆಳಕು ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಒಟ್ಟುಗೂಡಿ ರೋಹಿತದ ಎರಡೂ ಬದಿಗೆ ಮುಳ್ಳಿನಂಥ ಗೆರೆಗಳಾಗಿ ಏಳುತ್ತದೆ. 1992ರಲ್ಲಿ ಇವುಗಳಿಗೆ ವಿವರಣೆ ಕೊಟ್ಟ ಕೆಲ್ಲಿಯವರ ಹೆಸರಿನಿಂದ ಇವು ಕೆಲ್ಲಿ ಪಾರ್ಶ್ವಪಟ್ಟಿಗಳೆಂದು ಪ್ರಸಿದ್ಧ. ಬಳಕೆದಾರರಿಗೆ ಅವು ಕಿರಿಕಿರಿಯಾದರೂ ಅವುಗಳ ನಡುವಿನ ಅಂತರದಿಂದ ಇಡೀ ಉಂಗುರದ ವರ್ಣವಿಭಜನೆಯನ್ನು ಅಳೆಯಬಹುದು.

ಸಾಲಿಟಾನ್‌ನ ಶಕ್ತಿ ಮತ್ತು ಅವಧಿ ಪರಸ್ಪರ ಕಟ್ಟುಬಿದ್ದಿರುವುದರಿಂದ ಸ್ಪಂದಕ್ಕೆ ಬೇಕಾದಷ್ಟು ಶಕ್ತಿ ತುಂಬಲು ಬರುವುದಿಲ್ಲ. ಡಯೋಡಿನ ಸಾಮರ್ಥ್ಯ ಏರಿಸುತ್ತ ಹೋದರೆ ಒಂದು ಹಂತದವರೆಗೆ ಸ್ಪಂದ ಬೆಳೆಯುತ್ತದೆ, ಅದನ್ನು ದಾಟಿದೊಡನೆ ಉಂಗುರದಲ್ಲಿ ಎರಡನೆಯ ಸ್ಪಂದ ಹುಟ್ಟುತ್ತದೆ, ಮತ್ತೆ ಏರಿಸಿದರೆ ಮೂರನೆಯದು. ಅಚ್ಚರಿಯೆಂದರೆ ಇವೆಲ್ಲ ಹೆಚ್ಚುಕಡಿಮೆ ಒಂದೇ ತೂಕದವು. 1992ರಲ್ಲಿ ಗ್ರುಡಿನಿನ್, ರಿಚರ್ಡ್‌ಸನ್ ಮತ್ತು ಪೇನ್ ಇದನ್ನು ಶಕ್ತಿಯ ಕ್ವಾಂಟೀಕರಣ ಎಂದು ಕರೆದರು. ಎರ್ಬಿಯಂ ಅಯಾನು ಉದ್ರಿಕ್ತ ಸ್ಥಿತಿಯಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ, ಅಂದರೆ ಎರಡು ಲಕ್ಷ ಸುತ್ತುಗಳಷ್ಟು ಕಾಲ. ಇಷ್ಟು ನಿಧಾನವಾದ ವರ್ಧಕಕ್ಕೆ ಬಿಡಿ ಸ್ಪಂದಗಳ ಪರಿವೆ ಇಲ್ಲ. ಅದು ಸರಾಸರಿಗಷ್ಟೇ ಸ್ಪಂದಿಸಿ ಎಲ್ಲಕ್ಕೂ ಒಂದೇ ಪ್ರಮಾಣದ ವರ್ಧನೆ ಕೊಡುತ್ತದೆ, ಅಬ್ಸಾರ್ಬರ್ ಎಲ್ಲಕ್ಕೂ ಒಂದೇ ನಿಯಮ ಹೇರುತ್ತದೆ. ಇನ್ನು ಸಾಮರ್ಥ್ಯವನ್ನು ಇಳಿಸುತ್ತ ಬಂದರೆ ಸ್ಪಂದಗಳು ಒಂದೊಂದಾಗಿ ಅಳಿಯುತ್ತವೆ, ಆದರೆ ಹುಟ್ಟಿದ ಸಾಮರ್ಥ್ಯದಲ್ಲಿ ಅಲ್ಲ, ಅದಕ್ಕಿಂತ ಕೆಳಗೆ. ಹೀಗಾಗಿ ಡಯೋಡಿನ ಅಂಕಿಯೊಂದನ್ನೇ ನೋಡಿ ಒಳಗೆ ಎಷ್ಟು ಸ್ಪಂದಗಳಿವೆ ಎಂದು ಹೇಳಲಾಗದು. ಆ ಸ್ಥಿತಿಗೆ ಯಾವ ದಾರಿಯಿಂದ ಬರಲಾಯಿತು ಎಂಬುದೂ ಗೊತ್ತಿರಬೇಕು.

ಹಲವು ಸ್ಪಂದಗಳು ಸೇರಿದ ಮೇಲೆ ಅವುಗಳ ವ್ಯವಸ್ಥೆಗಳು ಬಗೆಬಗೆ. ಕೆಲವೊಮ್ಮೆ ಅವು ಉಂಗುರದ ಉದ್ದಕ್ಕೂ ಸಮಾನ ದೂರದಲ್ಲಿ ಹಂಚಿಕೊಂಡು ಸ್ಪಂದದರವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಕೆಲವೊಮ್ಮೆ ಎರಡೋ ಮೂರೋ ಸ್ಪಂದಗಳು ಕೆಲವೇ ಪಿಕೊಸೆಕೆಂಡ್ ಅಂತರದಲ್ಲಿ ಬಂಧಿತವಾಗಿ ಒಂದೇ ಘಟಕದಂತೆ ಸುತ್ತುತ್ತವೆ. ಈ ಬಂಧಿತ ಜೋಡಿಗಳನ್ನು ಸಾಲಿಟಾನ್ ಅಣುಗಳೆಂದು ಕರೆಯುವುದು ರೂಢಿಯಾಗಿದೆ. 1 ಮೈಕ್ರೊಮೀಟರ್ ಬಳಿ ಕೆಲಸ ಮಾಡುವ ಇಟರ್ಬಿಯಂ ಎಳೆಯ ಲೇಸರುಗಳಲ್ಲಿ ವರ್ಣವಿಭಜನೆಯ ದಿಕ್ಕೇ ತಿರುಗುಮುರುಗಾಗಿದ್ದು ಈ ಬಗೆಯ ಸಾಲಿಟಾನ್ ಹುಟ್ಟುವುದಿಲ್ಲ. ಅಲ್ಲಿ ರೋಹಿತದ ಅಂಚನ್ನು ಕತ್ತರಿಸುವ ಫಿಲ್ಟರಿನಿಂದ ಸ್ಪಂದವನ್ನು ಹಿಡಿತದಲ್ಲಿಡಬಹುದೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಫ್ರಾಂಕ್ ವೈಸ್ ತಂಡ 2006ರಲ್ಲಿ ತೋರಿಸಿತು. ಹಿಗ್ಗಿದ ಸ್ಥಿತಿಯಲ್ಲೇ ಸುತ್ತುವ ಇಂಥ ಸ್ಪಂದಗಳು ನ್ಯಾನೊಜೂಲ್‌ಗಳಷ್ಟು ಶಕ್ತಿ ಹೊರಬಲ್ಲವು, ಹೊರಬಂದ ಮೇಲೆ ಅವುಗಳನ್ನು ಕುಗ್ಗಿಸಿಕೊಳ್ಳಬಹುದು.

ಇಷ್ಟನ್ನೂ ಬಹುಕಾಲ ಅಳೆದದ್ದು ಎರಡು ನಿಧಾನದ ಉಪಕರಣಗಳಿಂದ: ಸ್ಪಂದವನ್ನು ಅದರದೇ ಪ್ರತಿಯ ಮೇಲೆ ಸರಿಸಿ ಅವಧಿಯನ್ನು ಅಂದಾಜಿಸುವ ಆಟೊಕೊರಿಲೇಟರ್, ಮತ್ತು ರೋಹಿತವನ್ನು ಬಣ್ಣ ಬಣ್ಣವಾಗಿ ಓದುವ ವಿಶ್ಲೇಷಕ. ಒಂದು ಓದಿಗೆ ಅವು ಕೋಟ್ಯಂತರ ಸ್ಪಂದಗಳನ್ನು ಬಳಸಿಕೊಳ್ಳುತ್ತವೆ. ಪ್ರತಿ ಸುತ್ತಿನಲ್ಲೂ ಒಳರಚನೆ ಬದಲಾಗುವ, ಗದ್ದಲದಂಥ ಬೆಳಕಿನ ಗೊಂಚಲೊಂದು ಉಂಗುರದಲ್ಲಿದ್ದರೂ ಸರಾಸರಿಯಲ್ಲಿ ರೋಹಿತ ನುಣುಪಾಗಿ, ಅಗಲವಾಗಿ ಕಾಣುತ್ತದೆ, ಆಟೊಕೊರಿಲೇಟರ್ ಅಗಲವಾದ ಪೀಠದ ಮೇಲೆ ಕಿರಿದಾದ ಶಿಖರವನ್ನು ತೋರಿಸುತ್ತದೆ. ಆ ಶಿಖರವನ್ನೇ ಸ್ಪಂದದ ಅವಧಿಯೆಂದು ಪ್ರಕಟಿಸುವುದು ಶುದ್ಧ ಅಜಾಗರೂಕತೆ. 1997ರಲ್ಲಿ ಹೊರೊವಿಟ್ಜ್, ಬರಾದ್ ಮತ್ತು ಸಿಲ್ಬರ್‌ಬರ್ಗ್ ಗದ್ದಲದಂಥ ಸ್ಪಂದಗಳನ್ನು ಹೆಸರಿಟ್ಟು ವಿವರಿಸಿದ ಮೇಲಂತೂ ಅದಕ್ಕೆ ಸಬೂಬಿಲ್ಲ.

ಪರಿಸ್ಥಿತಿಯನ್ನು ಬದಲಿಸಿದ ಉಪಾಯ ಸರಳವಾದದ್ದು. ಹೊರಬಂದ ಸ್ಪಂದವನ್ನು 10 ಕಿಲೊಮೀಟರ್ ಉದ್ದದ ಸಾಮಾನ್ಯ ದೂರಸಂಪರ್ಕದ ಎಳೆಯೊಳಗೆ ಹಾಯಿಸಿದರೆ, ಒಂದು ನ್ಯಾನೊಮೀಟರ್ ಅಂತರದ ಎರಡು ಬಣ್ಣಗಳು 170 ಪಿಕೊಸೆಕೆಂಡ್ ಹಿಂದುಮುಂದಾಗಿ ತಲುಪುತ್ತವೆ. ಬಣ್ಣಗಳ ಸಾಲು ಸಮಯದ ಸಾಲಾಗಿ ಬಿಚ್ಚಿಕೊಳ್ಳುವುದರಿಂದ ವೇಗದ ಬೆಳಕುಸಂವೇದಕ ಮತ್ತು ಆಸಿಲೊಸ್ಕೋಪ್ ಪ್ರತಿಯೊಂದು ಸ್ಪಂದದ ರೋಹಿತವನ್ನೂ ಬಿಡಿಬಿಡಿಯಾಗಿ ಬರೆದುಕೊಳ್ಳುತ್ತವೆ. ಈ ಕ್ರಮದಿಂದ ಆಕ್ಲೆಂಡಿನ ರುಂಗೆ, ಬ್ರಾಡರಿಕ್ ಮತ್ತು ಎರ್ಕಿಂಟಾಲೊ 2015ರಲ್ಲಿ ಫೈಬರ್ ಲೇಸರಿನೊಳಗಿನ ಸ್ಪಂದವೊಂದು ಇದ್ದಕ್ಕಿದ್ದಂತೆ ಸಿಡಿದು ಚೂರಾಗಿ, ಕೆಲವು ಸುತ್ತುಗಳಲ್ಲೇ ಮೊದಲಿನ ರೂಪಕ್ಕೆ ಮರಳುವುದನ್ನು ದಾಖಲಿಸಿದರು. 2017ರಲ್ಲಿ ಬರ್ಗಂಡಿಯ ಕ್ರುಪಾ, ನಿತ್ಯಾನಂದನ್ ಮತ್ತು ಗ್ರೆಲು ಸಾಲಿಟಾನ್ ಅಣುವಿನ ಒಳಚಲನೆಯನ್ನು ಸುತ್ತು ಸುತ್ತಾಗಿ ಹಿಂಬಾಲಿಸಿದರು. ಸ್ಥಿರವೆಂದು ತೋರುತ್ತಿದ್ದ ಜೋಡಿಗಳಲ್ಲಿ ಅಂತರವೂ ಪರಸ್ಪರ ಪ್ರಾವಸ್ಥೆಯೂ ಓಲಾಡುತ್ತಿರಬಲ್ಲವೆಂದು ಕಂಡುಬಂತು.

ಸಮಾನ ಅಂತರದಲ್ಲಿ ಸಾಲಾಗಿ ನಿಂತ ಮೋಡ್‌ಗಳನ್ನೇ ಅಳತೆಗೋಲಾಗಿ ಬಳಸುವ ಆವೃತ್ತಿಯ ಬಾಚಣಿಗೆಗಾಗಿ 2005ರಲ್ಲಿ ಹಾಲ್ ಮತ್ತು ಹೆನ್ಶ್ ನೊಬೆಲ್ ಪಡೆದ ಬಳಿಕ ಈ ಲೇಸರುಗಳ ಉಪಯೋಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕದ ಭೌತಶಾಸ್ತ್ರ ವಿಭಾಗಗಳಿಗೆ ಇವು ಕೈಗೆಟುಕದ ವಸ್ತುಗಳೂ ಅಲ್ಲ, ಏಕೆಂದರೆ ಬೇಕಾದ ಬಿಡಿಭಾಗಗಳಲ್ಲಿ ಹೆಚ್ಚಿನವು ದೂರಸಂಪರ್ಕದ ಮಾರುಕಟ್ಟೆಯವು. ಹೊಸದಾಗಿ ಇಂಥ ಪ್ರಯೋಗಾಲಯ ಕಟ್ಟುವವರು ದುಬಾರಿ ಆಟೊಕೊರಿಲೇಟರಿನ ಬೇಡಿಕೆ ಸಲ್ಲಿಸುವ ಮೊದಲು ಒಂದು ವೇಗದ ಸಂವೇದಕವನ್ನೂ 10 ಕಿಲೊಮೀಟರ್ ಎಳೆಯ ಸುರುಳಿಯನ್ನೂ ತರಿಸಿಕೊಳ್ಳಲಿ. ಪ್ರಬಂಧಗಳನ್ನು ಪರೀಕ್ಷಿಸುವವರು ಸ್ಪಂದದ ಅವಧಿಯ ಅಂಕಿಯ ಜೊತೆಗೆ ಕನಿಷ್ಠ ಕೆಲವು ಸಾವಿರ ಸುತ್ತುಗಳ ಬಿಡಿ ರೋಹಿತಗಳನ್ನು ಕೇಳಿ ನೋಡಲಿ.