ತಾಳ್ಮೆಯೊಂದೇ ಸದ್ಗುಣವೇ?

(ಬಂಗಾರಪೇಟೆಯ ಮಹಿಳಾ ಸಭೆಯಲ್ಲಿ ಆಡಿದ ಮಾತುಗಳು)



ಕೆಜಿಎಫ್‌ನ ಗಣಿ ಲೈನುಗಳಿಂದ ಬಂದ ಕ್ರೈಸ್ತ ಸಹೋದರಿಯರೂ, ಸುತ್ತಲಿನ ಹಳ್ಳಿಗಳ ಹಿಂದೂ ಸಹೋದರಿಯರೂ ಇಲ್ಲಿದ್ದೀರಿ. ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ ಎರಡೂ ಕಡೆ ಹೇಳುವ ಮಾತು ಒಂದೇ: ಸಹಿಸಿಕೋ. ಅಲ್ಲಿ ಮಾತೆ ಮರಿಯಳ ಹೆಸರು, ಇಲ್ಲಿ ಸೀತೆಯ ಹೆಸರು.

ಈ ಪಾಠ ನಮ್ಮದಷ್ಟೇ ಅಲ್ಲ. ವಿಯೆಟ್ನಾಮಿನಲ್ಲಿ ಕನ್ಫ್ಯೂಷಿಯಸ್ ಪರಂಪರೆ ಹೆಣ್ಣಿಗೆ ಮೂರು ವಿಧೇಯತೆಗಳನ್ನು ವಿಧಿಸಿತು: ತವರಲ್ಲಿ ತಂದೆಗೆ, ಮದುವೆಯಾದ ಮೇಲೆ ಗಂಡನಿಗೆ, ಗಂಡ ಸತ್ತ ಮೇಲೆ ಮಗನಿಗೆ. ಮನುಸ್ಮೃತಿ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಜೊತೆಗೆ ನಾಲ್ಕು ಸದ್ಗುಣಗಳು: ಕೆಲಸ, ರೂಪ, ಮಾತು, ನಡತೆ. 17ನೇ ಶತಮಾನದಲ್ಲಿ ಅಲ್ಲಿ ಬೇರೂರಿದ ಕ್ಯಾಥೊಲಿಕ್ ಧರ್ಮದ ವಿನಯ, ವಿಧೇಯತೆಗಳು ಈ ಪಟ್ಟಿಗೆ ಸುಲಭವಾಗಿ ಹೊಂದಿಕೊಂಡವು, ನಮ್ಮಲ್ಲಿ ಪಾತಿವ್ರತ್ಯಕ್ಕೆ ಹೊಂದಿಕೊಂಡ ಹಾಗೆ.

ಆದರೆ ಕ್ಯಾಥೊಲಿಕ್ ನೀತಿಶಾಸ್ತ್ರದ ಮೂಲ ಸದ್ಗುಣಗಳು ಯಾವುವು? 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ವಿವರಿಸಿದ್ದು ವಿವೇಕ, ನ್ಯಾಯ, ಧೈರ್ಯ, ಸಂಯಮ. ಅವರ ಲೆಕ್ಕದಲ್ಲಿ ತಾಳ್ಮೆ ಧೈರ್ಯದ ಒಂದು ಭಾಗ ಅಷ್ಟೇ. ಆ ಭಾಗವನ್ನು ಹೆಂಗಸಿನ ಕೈಗಿಟ್ಟು, ಉಳಿದ ಧೈರ್ಯವನ್ನೂ ನ್ಯಾಯವನ್ನೂ ಇಟ್ಟುಕೊಂಡವರು ಯಾರು?

ಕಾನೂನೂ ಹಾಗೇ ಇತ್ತು. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಕಾರಣವಾಗಿ ಸಾಲುತ್ತಿರಲಿಲ್ಲ, ಅವನ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. ಗಂಡನಿಗೋ, ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಇದು ತಿದ್ದುಪಡಿಯಾದದ್ದು 2001ರಲ್ಲಿ, ನಮ್ಮ ಚಿನ್ನದ ಗಣಿ ಮುಚ್ಚಿದ ವರ್ಷವೇ. ಗಂಡಸರ ಕೆಲಸ ಹೋದ ಮೇಲೆ ಎಷ್ಟೋ ಹೆಂಗಸರು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ತಿಂಗಳು ತಿಂಗಳು ಸಂಬಳ ತಂದುಕೊಟ್ಟರೂ ವರದಕ್ಷಿಣೆಯ ಬಾಕಿ ಮಾತ್ರ ತೀರಲಿಲ್ಲ.

ಚರ್ಚು ವಿಚ್ಛೇದನವನ್ನು ಒಪ್ಪುವುದಿಲ್ಲ, ನಿಜ. ಆದರೆ 1983ರ ಧರ್ಮಸಂಹಿತೆಯ 1153ನೇ ವಿಧಿಯನ್ನು ನಿಮಗೆ ಯಾರಾದರೂ ಓದಿ ಹೇಳಿದ್ದಾರೆಯೇ? ಸಂಗಾತಿಯಿಂದ ಜೀವಕ್ಕೋ ಮನಸ್ಸಿಗೋ, ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಇರಲು ಅದು ನ್ಯಾಯವಾದ ಕಾರಣ. ತಡಮಾಡಿದರೆ ಅಪಾಯವೆಂದಾದರೆ ಬಿಷಪ್ಪರ ಅಪ್ಪಣೆಗೂ ಕಾಯಬೇಕಿಲ್ಲ. ಮದುವೆಗೆ ಮುಂಚಿನ ತರಬೇತಿಯಲ್ಲಿ ಇದನ್ನೂ ಕಲಿಸಿ ಎಂದು ನಿಮ್ಮ ಪಾದ್ರಿಗಳನ್ನು ಕೇಳಿ. 2016ರಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರ ಮೇಲಿನ ಮನೆಯೊಳಗಿನ ಹಿಂಸೆಯನ್ನು ಹೇಡಿತನವೆಂದೇ ಖಂಡಿಸಿದ್ದಾರೆ.

ಮನೆ ಬಿಡಲೇಬೇಕೆಂದೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಯಾವ ಧರ್ಮದ ಹೆಂಗಸಿಗೂ ಗಂಡನೊಡನೆ ಬಾಳಿದ ಮನೆಯಲ್ಲೇ ಇರುವ ಹಕ್ಕು ಕೊಟ್ಟಿದೆ. ಸಂರಕ್ಷಣಾಧಿಕಾರಿಗೆ ಅರ್ಜಿ ಬರೆಯುವುದು ಹೇಗೆಂದು ಊಟವಾದ ಮೇಲೆ ಕೂತು ಕಲಿಯೋಣ. ಪೆನ್ನು ತರದವರು ಈಗಲೇ ಹೇಳಿಬಿಡಿ.