ಸೈಕಲ್ ಪ್ರವಾಸಕ್ಕೊಂದು ಗಾಳಿಯ ಲೆಕ್ಕ



ಮನಾಲಿಯಿಂದ ಲೇಹ್‌ಗೆ ಹೋಗುವ ಹಾದಿಯಲ್ಲಿ, ಸಮುದ್ರಮಟ್ಟದಿಂದ 4,800 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಸೂರಜ್ ತಾಲ್ ಎಂಬ ಸರೋವರವಿದೆ. ಅದರ ದಂಡೆಯಲ್ಲಿ ಸೈಕಲ್ ತುಳಿದು ಹೋಗುವ ಸಾಹಸಿಗಳ ಚಿತ್ರಗಳನ್ನು ನೀವು ನೋಡಿರಬಹುದು. ಅಂಥ ಪ್ರವಾಸದ ಆಸೆ ಯಾರಿಗಿಲ್ಲ? ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗ ಹುಡುಗಿಯರು ಅಷ್ಟು ದೂರ ಹೋಗುವ ಮೊದಲು ಮನೆಯ ಬಾಗಿಲಿನಿಂದಲೇ ಹೊರಡಬಹುದಾದ ಒಂದು ಕಠಿಣ ಸುತ್ತು ಇದೆ. ಅದನ್ನು ಯೋಜಿಸುವುದು ಹೇಗೆ ಎಂಬುದೇ ಇಂದಿನ ಮಾತು.

ಈ ಊರುಗಳೆಲ್ಲ ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ನೆಲದಲ್ಲಿವೆ. ಪಶ್ಚಿಮದ ತುದಿಗೆ ರಬಕವಿ-ಬನಹಟ್ಟಿ, ಪೂರ್ವದ ತುದಿಗೆ ಬೀಳಗಿ. ನಡುವೆ ಉತ್ತರಕ್ಕೆ ಜಮಖಂಡಿ, ದಕ್ಷಿಣಕ್ಕೆ ಮುಧೋಳ. ನೀರಿಗೂ ಇಲ್ಲಿ ಬರವಿಲ್ಲ. ಹಿಪ್ಪರಗಿ ಬ್ಯಾರೇಜಿನ ಹಿಂದೆ ಕೃಷ್ಣೆ ಸರೋವರದಂತೆ ನಿಲ್ಲುತ್ತಾಳೆ. ಜಮಖಂಡಿಯ ಉತ್ತರಕ್ಕೆ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಶ್ರಮದಾನ ಮಾಡಿ 1989ರಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜ್ ಇದೆ. ಅದರ ನೀರಿಗೆ ಶ್ರಮಬಿಂದು ಸಾಗರವೆಂದೇ ಹೆಸರು. ಬೀಳಗಿಯ ಕಡೆಗೆ ಆಲಮಟ್ಟಿಯ ಹಿನ್ನೀರು. ಒಂದು ಎಚ್ಚರಿಕೆ: ಭೂಪಟದಲ್ಲಿ ನೀಲಿ ಬಣ್ಣ ಬಳಿದಲ್ಲೆಲ್ಲ ವರ್ಷವಿಡೀ ನೀರಿರುತ್ತದೆ ಎಂದು ನಂಬಬೇಡಿ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮುಂಗಾರಿನಲ್ಲಿ ತುಂಬಿದ ನೀರು ಬೇಸಿಗೆಯ ಹೊತ್ತಿಗೆ ಬಹುದೂರ ಹಿಂದೆ ಸರಿದು, ನೀವು ನೋಡಬೇಕೆಂದಿದ್ದ ಸರೋವರದ ಜಾಗದಲ್ಲಿ ಬಿರುಕುಬಿಟ್ಟ ಎರೆಮಣ್ಣು ಕಾಣಬಹುದು.

ಮೊದಲು ದೂರ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ರಸ್ತೆಯ ತಿರುವುಗಳಗುಂಟ ಒಂದು ನೂಲನ್ನಿಟ್ಟು ಅಳೆಯಿರಿ. ಬನಹಟ್ಟಿಯವರಿಗೆ ನೂಲಿನ ಕೊರತೆ ಇರಲಾರದು! ಇಡೀ ಸುತ್ತು ಸುಮಾರು 130ರಿಂದ 140 ಕಿಲೋಮೀಟರ್ ಆಗುತ್ತದೆ. ಗಂಟೆಗೆ 15 ಕಿಲೋಮೀಟರಿನಂತೆ ಒಂಬತ್ತು ಗಂಟೆ ಸಾಕಲ್ಲ ಎಂದು ಲೆಕ್ಕ ಹಾಕಿದಿರಾದರೆ ಅಲ್ಲೇ ತೊಡಕು. ಆ ಲೆಕ್ಕದಲ್ಲಿ ಬೆಟ್ಟ ಸೇರಿಲ್ಲ.

ನಮ್ಮಲ್ಲಿ ಬೆಟ್ಟವೆಲ್ಲಿ ಬಂತು ಎನ್ನುವಿರಾ? ಊರುಗಳೆಲ್ಲ 550 ಮೀಟರಿನ ಆಸುಪಾಸಿನಲ್ಲಿವೆ, ನಿಜ. ಇಲ್ಲಿ ಬೆಟ್ಟದ ಕೆಲಸವನ್ನು ಗಾಳಿ ಮಾಡುತ್ತದೆ. ಗಾಳಿಯೊಡ್ಡುವ ತಡೆ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆಂದು ನೀವು ಓದಿದ್ದೀರಿ. ನಿಶ್ಚಲ ಗಾಳಿಯಲ್ಲಿ ಗಂಟೆಗೆ 15 ಕಿಲೋಮೀಟರ್ ಹೋಗುತ್ತಿರುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ, ಮೈಗೆ ತಾಗುವ ಗಾಳಿಯ ವೇಗ 30 ಆಗುತ್ತದೆ. ವೇಗ ಇಮ್ಮಡಿ, ತಡೆ ನಾಲ್ಮಡಿ! ನೆಟ್ಟಗೆ ಕುಳಿತು ತುಳಿಯುವವನಿಗೆ ಹೀಗೆ ಹೆಚ್ಚುವ ಬಲ ಅಂದಾಜು 17 ನ್ಯೂಟನ್. ವೇಗ ತಗ್ಗಿಸದೆ 10 ಕಿಲೋಮೀಟರ್ ಹೋದರೆ 1,70,000 ಜೂಲ್‌ನಷ್ಟು ಹೆಚ್ಚುವರಿ ದುಡಿಮೆ. ಸೈಕಲ್ಲೂ ಸವಾರನೂ ಸೇರಿ 80 ಕಿಲೋಗ್ರಾಂ ತೂಗಿದರೆ, ಅದನ್ನು 100 ಮೀಟರ್ ಮೇಲೇರಿಸಲು ಬೇಕಾದದ್ದು 78,400 ಜೂಲ್. ಭಾಗಿಸಿ ನೋಡಿ, 200 ಮೀಟರಿಗೂ ಮಿಕ್ಕ ಏರು! ಗೋಲಗುಮ್ಮಟದ ಎತ್ತರ ಸುಮಾರು 50 ಮೀಟರ್. ನಾಲ್ಕು ಗುಮ್ಮಟಗಳನ್ನು ಒಂದರ ಮೇಲೊಂದಿಟ್ಟು ಹತ್ತಿದಂತಾಯಿತು. ಗೇರಿಲ್ಲದ ಸೈಕಲ್ಲಿನವರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ.

ಸುತ್ತು ಹಾಕುವಾಗ ಅರ್ಧ ದಾರಿ ಎದುರುಗಾಳಿ, ಇನ್ನರ್ಧ ಹಿಂಗಾಳಿ; ಅದಕ್ಕೆ ಇದು ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಸರಿಹೋಗುವುದಿಲ್ಲ. 30 ಕಿಲೋಮೀಟರನ್ನು ಗಂಟೆಗೆ 10ರಂತೆ ಹೋದರೆ ಮೂರು ಗಂಟೆ, 20ರಂತೆ ಮರಳಿದರೆ ಒಂದೂವರೆ ಗಂಟೆ. ಒಟ್ಟು ನಾಲ್ಕೂವರೆ. ಗಾಳಿಯೇ ಇಲ್ಲದಿದ್ದರೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿತ್ತು. ಗಾಳಿ ಕಸಿದುಕೊಂಡ ಅರ್ಧ ಗಂಟೆ ಮರಳಿ ಬಾರದು. 135 ಕಿಲೋಮೀಟರಿನ ದಾರಿಯಲ್ಲಿ ಇಂಥ ಅರ್ಧ ಗಂಟೆಗಳು ಕೂಡಿಕೊಂಡು ನಿಮ್ಮನ್ನು ಕತ್ತಲೆಗೆ ನೂಕುತ್ತವೆ.

ಹಾಗಾದರೆ ಉಪಾಯವೇನು? ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಸೀಮೆಯಲ್ಲಿ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ. ಅದರಲ್ಲೂ ಬೆಳಗಿನ ಜಾವ ತುಸು ತಣ್ಣಗಿದ್ದು, ನೆಲ ಕಾದಂತೆಲ್ಲ ಮೇಲಿನ ಬಿರುಗಾಳಿ ಕೆಳಗಿಳಿದು ಮಧ್ಯಾಹ್ನಕ್ಕೆ ಬಿರುಸಾಗುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಮುಖ ಮಾಡುವ ದಾರಿಯೆಲ್ಲ ಬೆಳಗಿನ ಜಾವಕ್ಕೆ ಬರಬೇಕು. ಜಮಖಂಡಿಯಿಂದ ನಸುಕಿನಲ್ಲೇ ಹೊರಟು ಬನಹಟ್ಟಿಗೆ 20 ಕಿಲೋಮೀಟರಿನಷ್ಟು ದಾರಿಯನ್ನು ಬಿಸಿಲೇರುವ ಮೊದಲೇ ಮುಗಿಸಿ. ರಬಕವಿ, ಮಹಾಲಿಂಗಪುರದ ಮೇಲೆ ಮುಧೋಳ, ಅಲ್ಲಿಂದ ಬೀಳಗಿ. ಇಷ್ಟು ದೂರವೂ ಗಾಳಿ ಬಹುಪಾಲು ಬೆನ್ನಿಗಿರುತ್ತದೆ. ಆಸೆಬಿದ್ದು ಅದೇ ಸಂಜೆ ಮನೆಗೆ ಹೊರಟಿರೋ, ಬೀಳಗಿಯಿಂದ ಜಮಖಂಡಿಯವರೆಗಿನ 40ಕ್ಕೂ ಮಿಕ್ಕ ಕಿಲೋಮೀಟರು ಇಡೀ ದಿನದ ಆಯಾಸದ ಮೇಲೆ ಎದುರುಗಾಳಿಯಲ್ಲಿ ಬರುತ್ತವೆ. ಬೀಳಗಿಯಲ್ಲಿ ಬಂಧುಬಳಗದವರ ಮನೆಯಲ್ಲೋ, ಮೊದಲೇ ಕೇಳಿಕೊಂಡ ಶಾಲೆಯಲ್ಲೋ ರಾತ್ರಿ ಕಳೆದು, ಮರುದಿನ ನಸುಕಿಗೆ ಹೊರಡಿ. ಶಾಲೆಯ ಮಕ್ಕಳು ಬೀಳಗಿಯ ಕಡೆ ಹೋಗದೆ ಮುಧೋಳದಿಂದಲೇ ಜಮಖಂಡಿಗೆ ತಿರುಗಿದರೂ ಸುತ್ತು 70 ಕಿಲೋಮೀಟರಿನಷ್ಟಾಗುತ್ತದೆ. ಅದು ಸಣ್ಣ ಮಾತಲ್ಲ.

ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ, ಮೆಲ್ಲಗೆ. ಆಗ ಸುತ್ತನ್ನು ತಿರುವಿ ಹಾಕಿ: ಮೊದಲು ಬೀಳಗಿ, ರಾತ್ರಿ ಬನಹಟ್ಟಿ. ಚಿತ್ರೀಕರಣಕ್ಕೆ ಹೊರಡುವ ನಾವು ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ನೋಡಿಕೊಂಡೇ ಸ್ಥಳಗಳ ಸರದಿ ಗೊತ್ತುಮಾಡುತ್ತೇವೆ, ಇದೂ ಹಾಗೆಯೇ.

ಚಳಿಗಾಲದ ಅಪಾಯ ಬೇರೆ. ಅದು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ರಸ್ತೆಯ ಅಗಲಕ್ಕೂ ಕಬ್ಬು ಚಾಚಿಕೊಂಡ ಟ್ರ್ಯಾಕ್ಟರುಗಳಲ್ಲಿ ಎಷ್ಟಕ್ಕೋ ಹಿಂದೀಪವೇ ಇರುವುದಿಲ್ಲ. ಸೂರ್ಯ ಮುಳುಗುವ ಮೊದಲೇ ರಸ್ತೆ ಬಿಡಬೇಕು. ಇದರಲ್ಲಿ ರಾಜಿ ಬೇಡ. ಮಳೆಗಾಲದಲ್ಲಿ ಹೊಳೆಗಳ ಸುದ್ದಿ ಕೇಳಿಕೊಂಡೇ ಹೊರಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಈ ತಾಲ್ಲೂಕುಗಳಿಗೆ ನುಗ್ಗಿದ್ದವು. ಬ್ಯಾರೇಜಿನ ನೀರನ್ನು ದಂಡೆಯಿಂದಲೇ ನೋಡಿ; ಗೇಟು ತೆರೆದಾಗ ನೀರಿಗಿಳಿದವರಿಗೆ ಹೊರಬರಲು ಸಮಯ ಸಿಗುವುದಿಲ್ಲ. ಬಿಸಿಲಲ್ಲಿ ತುಳಿಯುವವನ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರಿನಷ್ಟು ಬೆವರು ಹೋಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ ಸಿಕ್ಕಲ್ಲೆಲ್ಲ ಕುಡಿಯಿರಿ. ಪಂಚರ್ ತಿದ್ದುವ ಸಾಮಾನು, ಪಂಪು ಜೊತೆಗಿರಲಿ. ನೆರಳಿಗೆಂದು ಜಾಲಿಮರದ ಕೆಳಗೆ ಸೈಕಲ್ ಉರುಳಿಸಿಕೊಂಡು ಹೋಗದೆ ಎತ್ತಿಕೊಂಡು ಹೋಗಿ, ಮುಳ್ಳಿನ ಕಾಟ ತಪ್ಪುತ್ತದೆ.

ಮುಂದಿನ ಒಂದು ಭಾನುವಾರ ಜಮಖಂಡಿಯಿಂದ ಬನಹಟ್ಟಿಗೆ ಹೋಗಿ ಬನ್ನಿ. ಹೋಗಲು ಹಿಡಿದ ವೇಳೆ, ಬರಲು ಹಿಡಿದ ವೇಳೆ ಎರಡನ್ನೂ ಬರೆದಿಡಿ. ಆ ಎರಡು ಅಂಕಿಗಳು ಕೈಗೆ ಬಂದ ಮೇಲೆ ಬೀಳಗಿಯ ಮಾತು.