ನಮ್ಮ ಶಾಲೆಯೂ ಸರಕಾರದ ಅನುದಾನವೂ
(ಶತಮಾನೋತ್ಸವದ ಪೂರ್ವಭಾವಿ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಗಂಟೆಗೋಪುರದ ನಕ್ಷೆಯನ್ನು ತಾವೆಲ್ಲರೂ ನೋಡಿದ್ದೀರಿ. ಸುಂದರವಾಗಿದೆ. ಅದರ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದರು. ನಾವಾದರೋ ಶಾಲೆಯ ಲೆಕ್ಕದ ಪುಸ್ತಕವನ್ನು ಹಿಡಿದು ಬಂದಿದ್ದೇವೆ. ಕ್ಷಮಿಸಬೇಕು.

ಈ ಸೀಮೆಗೆ ವಿದ್ಯೆ ಹೊಸದಲ್ಲ. ಬೀದರ್ ನಗರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸದ ಗೋಡೆಗಳು ಇಂದಿಗೂ ನಿಂತಿವೆ. ಆದರೆ ನಮ್ಮ ಹಿರಿಯರು ಇಲ್ಲಿ ಮೊದಲ ಬಲಿಪೂಜೆಗೆ ಕೂಡಿದ ಕಾಲದಲ್ಲಿ ಬೀದರ್ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡವೋ ಮರಾಠಿಯೋ ತೆಲುಗೋ ಆಗಿತ್ತು. ಆ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅನ್ಯಧರ್ಮದ ಸ್ವಾಮಿಗಳನ್ನು ದೇವಾಲಯದ ಅಂಗಳದಲ್ಲಿ ನೆನೆಯುವುದೇಕೆ ಎಂದು ಯಾರಾದರೂ ಕೇಳಿಯಾರು. ಸರಕಾರದ ನೆರವಿಲ್ಲದೆ, ಸರಕಾರದ ಕಣ್ಣು ತಪ್ಪಿಸಿ ಬಡವರ ಮಕ್ಕಳಿಗೆ ಅವರ ಭಾಷೆಯಲ್ಲಿ ಅಕ್ಷರ ಕಲಿಸಿದವರನ್ನು ನೆನೆಯದಿದ್ದರೆ ಶಾಲೆಯ ಮಾತನ್ನಾಡುವ ಅರ್ಹತೆ ನಮಗೆಲ್ಲಿಯದು? ನಮಗಿಂತ ಮುನ್ನವೇ ಬೀದರಿಗೆ ಬಂದು ಶಾಲೆ ತೆರೆದ ಮೆಥೊಡಿಸ್ಟ್ ಸಹೋದರರ ಋಣವೂ ಈ ಊರಿನ ಮೇಲಿದೆ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ್ ಕನ್ನಡ ನಾಡಿನೊಂದಿಗೆ ಒಂದಾಯಿತು. ಹಿಂದುಳಿದಿರುವಿಕೆ ಮಾತ್ರ ಒಡನೆಯೇ ಬಂದಿತು. 2002ರಲ್ಲಿ ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಎಣಿಸಿದಾಗ 39ರಲ್ಲಿ 21 ಗುಲಬರ್ಗಾ ವಿಭಾಗದಲ್ಲಿಯೇ ಕಂಡುಬಂದವು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ಅನುಚ್ಛೇದವು ನೌಕರಿಯಲ್ಲಿಯೂ ಕಾಲೇಜು ಪ್ರವೇಶದಲ್ಲಿಯೂ ನಮ್ಮ ಮಕ್ಕಳಿಗೆ ಪಾಲು ಕೊಟ್ಟಿತು. ಆದರೆ ಆ ಪಾಲನ್ನು ಪಡೆಯಲು ಹತ್ತನೆಯ ತರಗತಿಯನ್ನು ದಾಟಿ ಬರಬೇಕಲ್ಲ!

2005ರಲ್ಲಿ ಕಲಬುರ್ಗಿ ಧರ್ಮಪ್ರಾಂತ್ಯ ರೂಪುಗೊಂಡ ಹೊಸತರಲ್ಲಿ ನಾವು ಔರಾದ ಕಡೆಯ ಹಳ್ಳಿಗಳಿಗೆ ಹೋಗಿಬರುತ್ತಿದ್ದೆವು. ದೀಪಾವಳಿ ಕಳೆಯುತ್ತಲೇ ಮನೆಗಳಿಗೆ ಬೀಗ ಬೀಳುತ್ತಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ತಂದೆತಾಯಿಯರು ಹೊರಟರೆ ಮಕ್ಕಳೂ ಗಾಡಿ ಹತ್ತುತ್ತಿದ್ದರು. ಉಗಾದಿಯ ಹೊತ್ತಿಗೆ ಮರಳಿದ ಹುಡುಗನೊಬ್ಬನು ಹಾಜರಿ ಪುಸ್ತಕದಲ್ಲಿ ತನ್ನ ಹೆಸರನ್ನು ಹುಡುಕುತ್ತಾ ನಿಂತುದನ್ನು ನಾವು ಕಂಡಿದ್ದೇವೆ, ಹೆಸರು ಹೊಡೆದುಹೋಗಿತ್ತು. ಅಂಥ ಮಕ್ಕಳಿಗಾಗಿಯೇ ನಾವು ವಸತಿಯ ವ್ಯವಸ್ಥೆಯನ್ನು ಆರಂಭಿಸಿದ್ದು.

ಈಗ ಅನುದಾನದ ವಿಷಯ. ಸರಕಾರ ಎಲ್ಲವನ್ನೂ ಕೊಡುತ್ತದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅನುದಾನವೆಂದರೆ ಮಂಜೂರಾದ ಹುದ್ದೆಗಳ ವೇತನ ಮಾತ್ರ. ಛಾವಣಿ ಸೋರಿದರೆ, ಶೌಚಾಲಯ ಕೆಟ್ಟರೆ ಆಡಳಿತ ಮಂಡಳಿಯೇ ನೋಡಿಕೊಳ್ಳಬೇಕು. ಶಿಕ್ಷಕರು ನಿವೃತ್ತರಾದರೆ ಹುದ್ದೆ ತಾನಾಗಿ ತುಂಬುವುದಿಲ್ಲ. ಸರಕಾರದ ಅನುಮತಿ ಬೇಕು, ಅನುಮತಿಗೆ ವರ್ಷಗಳು ಬೇಕು. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಮೂವರು ನಿವೃತ್ತರಾದರು. ಕಡತವನ್ನು ಹಿಡಿದು ನಾವು ಒಂದು ಕಚೇರಿಗೆ ಎಷ್ಟು ಬಾರಿ ಅಲೆದೆವೆಂಬುದನ್ನು ಇಲ್ಲಿ ಹೇಳುವುದಿಲ್ಲ. ಜಪಮಾಲೆಯ ಮಣಿಗಳು ಸಾಲವು. ಅಷ್ಟರಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಉಳಿದ ಹುದ್ದೆಗೂ ಕುತ್ತು. ಶಿಕ್ಷಕರಿಲ್ಲದ್ದರಿಂದ ಮಕ್ಕಳು ಬಿಡುವರು, ಮಕ್ಕಳು ಬಿಟ್ಟುದರಿಂದ ಶಿಕ್ಷಕರು ಸಿಗರು.

ಪ್ರೌಢಶಾಲೆಯ ಕಥೆ ಬೇರೆ. ಅದು 1995ರ ನಂತರ ಆರಂಭವಾದದ್ದು. ಆ ವರ್ಷದ ತರುವಾಯ ತೆರೆದ ಕನ್ನಡ ಮಾಧ್ಯಮದ ಶಾಲೆಗಳು ಅನುದಾನಕ್ಕಾಗಿ ಬೇಡುತ್ತಲೇ ಬಂದಿವೆ. 2002ರಲ್ಲಿ ಬೀದರ್ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಮೊದಲಾಯಿತು. 2004ರಲ್ಲಿ ಅದು ಅನುದಾನಿತ ಶಾಲೆಗಳಿಗೂ ಬಂದಿತು. ನಮ್ಮಲ್ಲಿ ಏಳನೆಯ ತರಗತಿಯವರೆಗೆ ಊಟವುಂಟು. ಅದೇ ಮಗು ಅಂಗಳ ದಾಟಿ ಎಂಟನೆಯ ತರಗತಿಗೆ ಹೋದರೆ ಊಟವಿಲ್ಲ. ಹಸಿವೆಗೆ ಅನುದಾನಿತ, ಅನುದಾನರಹಿತ ಎಂಬ ಭೇದ ತಿಳಿಯದು.

"ಇಂಗ್ಲಿಷ್ ಮಾಧ್ಯಮ ಮಾಡಿ, ಶುಲ್ಕ ಏರಿಸಿ, ಸರಕಾರದ ಹಂಗನ್ನೇ ಬಿಡಿ" ಎಂದು ಕೆಲವರು ಸಲಹೆ ನೀಡಿದ್ದಾರೆ. ಕಾನೂನಿನ ಅಡ್ಡಿಯಿಲ್ಲ, ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ರಾಜ್ಯ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತಳ್ಳಿಹಾಕಿತು. 2019ರಿಂದ ಸರಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ವಿಭಾಗಗಳು ತೆರೆದಿವೆ. ತಂದೆತಾಯಿಯರ ಆಸೆಯನ್ನು ನಾವು ಹಳಿಯುವುದಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸಲೇಬೇಕು. ಆದರೆ ಶುಲ್ಕ ಏರಿದ ದಿನ ಔರಾದಿನ ಆ ಹುಡುಗನ ತಂಗಿ ಮನೆಯಲ್ಲಿ ಉಳಿಯುವಳು. ಅವಳಿಲ್ಲದ ಶಾಲೆಗೆ ಸಂತರ ಹೆಸರಿಟ್ಟು ಪ್ರಯೋಜನವೇನು? ಬಡವರನ್ನು ಮರೆಯಬಾರದೆಂದು 1965ರಲ್ಲಿ ವ್ಯಾಟಿಕನ್ ಮಹಾಸಭೆಯು ಶಿಕ್ಷಣದ ಘೋಷಣೆಯಲ್ಲಿ ಕೇಳಿಕೊಂಡದ್ದು ನಮ್ಮಂಥ ಶಾಲೆಗಳನ್ನೇ.

ಹಕ್ಕಿನ ವಿಷಯದಲ್ಲಿ ಅಂಜಬೇಕಾಗಿಲ್ಲ. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕನ್ನು ಕೊಟ್ಟು, ಅನುದಾನದಲ್ಲಿ ಭೇದ ಮಾಡಬಾರದೆಂದೂ ಹೇಳಿದೆ. ಆದರೆ ಅನುದಾನ ಪಡೆದ ಮೇಲೆ ಲೆಕ್ಕ ಒಪ್ಪಿಸುವುದು, ಅರ್ಹರನ್ನೇ ನೇಮಿಸುವುದು ನಮ್ಮ ಕರ್ತವ್ಯ. ಅನ್ಯಧರ್ಮದ ಮಕ್ಕಳನ್ನು ಧರ್ಮೋಪದೇಶಕ್ಕೆ ಒತ್ತಾಯಿಸುವಂತಿಲ್ಲ. ಅಲ್ಪಸಂಖ್ಯಾತರೆಂಬ ಕಾರಣದಿಂದ ಶಿಕ್ಷಣ ಹಕ್ಕಿನ ಕಾಯಿದೆಯು ನಮಗೆ ಅನ್ವಯಿಸದೆಂದು 2014ರಲ್ಲಿ ತೀರ್ಪಾಯಿತು. ಅದನ್ನು ಕೇಳಿ ಸಂತೋಷಪಟ್ಟವರಲ್ಲಿ ನಾವೂ ಇದ್ದೆವು. ಬಡ ಮಗುವಿಗೆ ಸ್ಥಾನ ಕೊಡುವ ಹೊಣೆಯಿಂದ ಬಿಡುಗಡೆಯಾದುದಕ್ಕೆ ಸಂತೋಷವೇ ಎಂದು ಆಮೇಲೆ ನಾಚಿಕೆಯಾಯಿತು.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ನುಡಿದದ್ದು ತಮಗೆ ನೆನಪಿರಬಹುದು. ಶತಮಾನೋತ್ಸವದ ನಿಧಿಯನ್ನು ಎರಡು ವರ್ಷ ಪ್ರೌಢಶಾಲೆಯ ಶಿಕ್ಷಕರ ವೇತನಕ್ಕೂ ಮಕ್ಕಳ ಮಧ್ಯಾಹ್ನದ ಊಟಕ್ಕೂ ಬಳಸಿ, ಅಷ್ಟರಲ್ಲಿ ಅನುದಾನಕ್ಕಾಗಿ ಮತ್ತೆ ಯತ್ನಿಸೋಣವೆಂಬುದು ನಮ್ಮ ಸೂಚನೆ. ಗಂಟೆ ಇನ್ನೂ ಕೆಲಕಾಲ ಹಳೆಯ ಬೇವಿನ ಮರದಲ್ಲಿಯೇ ತೂಗಲಿ. ಈವರೆಗೆ ಅದರ ಸದ್ದು ಕೇಳಿಸಲಿಲ್ಲವೆಂದು ಯಾರೂ ದೂರಿಲ್ಲ. ಇದು ನಮ್ಮ ಆಜ್ಞೆಯಲ್ಲ. ಹಣ ತಮ್ಮದು, ನಿರ್ಣಯವೂ ತಮ್ಮದೇ. ಬರುವ ಆದಿತ್ಯವಾರ ಎರಡನೆಯ ಪೂಜೆಯ ತರುವಾಯ ಈ ಲೆಕ್ಕದ ಪುಸ್ತಕವನ್ನು ಸಭಾಂಗಣದ ಮೇಜಿನ ಮೇಲೆ ತೆರೆದಿಡಲಾಗುವುದು. ಶಿಕ್ಷಕರೂ ಅಲ್ಲಿಯೇ ಇರುವರು. ಕಳೆದ ವರ್ಷ ಎಷ್ಟು ತಿಂಗಳ ವೇತನ ಬಾಕಿ ಉಳಿಯಿತೆಂದು ತಾವು ಅವರನ್ನೇ ಕೇಳಬಹುದು.